ಹಸಿದ ಹಸುವಿಗೆ ಕಹಿ ತಿಳಿಯುವುದಿಲ್ಲ



ಊರ್ಡಿಗೆರೆ ಹೋಬಳಿಗೆ ನಾನು ಕೆಲಸಕ್ಕೆ ಬಂದ ಮೊದಲ ವರ್ಷದ ಮಾತು. ಬೇಸಿಗೆ ಕಾಲ. ದೇವರಾಯನದುರ್ಗದ ಬೆಟ್ಟದ ತಪ್ಪಲಿನ ಒಂದು ಹಳ್ಳಿ. ಬೆಳಗಿನ ಹಾಲು ಹಾಕಲು ಡೇರಿಗೆ ಬಂದಿದ್ದ ಒಬ್ಬ ಅಕ್ಕ ನನ್ನನ್ನು ನಿಲ್ಲಿಸಿ ಕೇಳಿದರು: "ಮೇಡಂ, ರಾಗಿ ಹುಲ್ಲು ಮುಗೀತಾ ಬಂತು. ಹೊಸ ಹಸುನ ನಾಳೆಯಿಂದ ಬೀಳಿನ ಕಡೆ ಹೊಡೀಬೇಕು ಅಂತಿದೀನಿ. ಅಲ್ಲಿ ಬರೀ ಲಂಟಾನ ಬೆಳ್ಕೊಂಡಿದೆ. ಏನೂ ಆಗಲ್ವಾ?"

ನಾನು ಗಾಡಿಯಿಂದ ಇಳಿಯಲೂ ಇಲ್ಲ. "ಹಸು ಲಂಟಾನ ಮುಟ್ಟಲ್ಲ ಅಕ್ಕ, ಅದಕ್ಕೆ ಗೊತ್ತಿರುತ್ತೆ" ಎಂದು ಹೇಳಿ ಹೊರಟುಬಿಟ್ಟೆ.

ಆರು ದಿನ ಬಿಟ್ಟು ಅವರದೇ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಹಸುವಿನ ಕಣ್ಣು ಅರಿಶಿನ ಬಳಿದಂತೆ ಆಗಿತ್ತು. ಮೇವು ಬಿಟ್ಟು ಮೂರು ದಿನವಾಗಿತ್ತು, ಸಗಣಿ ಗಟ್ಟಿಯಾಗಿ ನಿಂತುಹೋಗಿತ್ತು, ಬಿಳಿ ಮಚ್ಚೆ ಇದ್ದ ಕಡೆಯೆಲ್ಲ ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ಎಷ್ಟು ಪ್ರಯತ್ನಪಟ್ಟರೂ ಉಳಿಯಲಿಲ್ಲ. ಸಾಲ ಮಾಡಿ ಹೊರ ಜಿಲ್ಲೆಯಿಂದ ತಂದು ಇನ್ನೂ ತಿಂಗಳಾಗಿರಲಿಲ್ಲ. ವಿಮೆ ಮಾಡಿಸಿರಲಿಲ್ಲ. ಅದೇ ಬೀಳಿನಲ್ಲಿ, ಅದೇ ಆರು ದಿನ ಅದರ ಪಕ್ಕದಲ್ಲೇ ಮೇದ ಅವರ ಹಳೆಯ ನಾಟಿ ಹಸು ಮಾತ್ರ ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುತ್ತಿತ್ತು.

ಆ ಅಕ್ಕನ ಅತ್ತೆ ಜಗಲಿ ಮೇಲೆ ಕುಳಿತಿದ್ದರು. "ಇದು ಇಲ್ಲೇ ಹುಟ್ಟಿದ್ದು ಕಣವ್ವ. ಇದರವ್ವ ಇದಕ್ಕೆ ಹೇಳ್ಕೊಟ್ಟಿದ್ಲು. ಅದಕ್ಕೆ ಯಾರು ಹೇಳ್ಕೊಡ್ಬೇಕಿತ್ತು?" ಎಂದರು. ನನ್ನನ್ನು ಬೈದು ಹೇಳಿದ ಮಾತಲ್ಲ ಅದು. ಆದರೆ ಉತ್ತರ ನನಗೆ ಗೊತ್ತಿತ್ತು. ನಾನು ಹೇಳಿಕೊಡಬೇಕಿತ್ತು.

ಎರಡು ಮಾತು, ಎರಡೂ ಅರ್ಧ ಸತ್ಯ

ಮೇವಿನ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಎರಡು ಮಾತು ಕೇಳುತ್ತೇನೆ. ಒಂದು: "ಹಸುಗೆ ಎಲ್ಲ ಗೊತ್ತು, ವಿಷದ ಸೊಪ್ಪು ಮುಟ್ಟಲ್ಲ." ಇನ್ನೊಂದು: "ತಿನ್ನದೇ ಇದ್ರೆ ಅದು ಸೊಕ್ಕು. ಒಂದು ದಿನ ಉಪವಾಸ ಕೆಡವಿ, ತಾನಾಗೇ ತಿನ್ನುತ್ತೆ." ಮೊದಲನೆಯದನ್ನು ನಾನೇ ಹೇಳಿ ತಪ್ಪು ಮಾಡಿದ್ದೇನೆ. ಎರಡನೆಯದನ್ನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಈ ಎರಡೂ ಮಾತು ಸೇರಿದಾಗಲೇ ಹಸುವಿನ ಜೀವಕ್ಕೆ ಬರುವುದು.

ನನ್ನ ಅಭಿಪ್ರಾಯ ಇಷ್ಟು: ಹಸುವಿನ ನಾಲಿಗೆಯನ್ನು ನಂಬಬಹುದು. ಆದರೆ ಅದರ ಹೊಟ್ಟೆ ಖಾಲಿ ಇರಬಾರದು, ಗಿಡ ಅದಕ್ಕೆ ಪರಿಚಯ ಇರಬೇಕು, ಬೇಡವೆಂದರೆ ತಿನ್ನಲು ಬೇರೇನಾದರೂ ಸಿಗಬೇಕು. ಈ ಮೂರನ್ನು ಒದಗಿಸುವುದು ಹಸುವಿನ ಕೆಲಸವಲ್ಲ, ನಮ್ಮ ಕೆಲಸ.

ಎಲೆಯೊಳಗೆ ಏನಿದೆ?

ಗಿಡಕ್ಕೆ ಕಾಲಿಲ್ಲ, ಹಸು ಬಂದರೆ ಎದ್ದು ಓಡಲಾರದು. ಹಾಗಾಗಿ ಕೆಲವು ಗಿಡ ಮುಳ್ಳು ಬಿಟ್ಟುಕೊಂಡಿವೆ. ಇನ್ನು ಕೆಲವು ಎಲೆಯೊಳಗೇ ಕಹಿ, ಒಗರು, ಘಾಟು ತುಂಬಿಕೊಂಡಿವೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ನಿಮಗೆ ಗೊತ್ತು. ಅದರ ಒಗರಿಗೆ ಕಾರಣವಾದ ವಸ್ತುವಿಗೆ ಟ್ಯಾನಿನ್ ಎನ್ನುತ್ತಾರೆ. ಜಾಲಿ, ಹುಣಸೆ, ಹಲಸಿನ ಸೊಪ್ಪುಗಳಲ್ಲೂ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಅದು ಇದೆ. ಲಂಟಾನದಲ್ಲಿ ಇರುವುದು ಲಿವರ್ ಕೆಡಿಸುವ ಲಂಟಾಡಿನ್. ಸುಬಾಬುಲ್‌ನಲ್ಲಿ ಮಿಮೊಸಿನ್. ಕಾಂಗ್ರೆಸ್ ಗಿಡದಲ್ಲಿ ಪಾರ್ಥೆನಿನ್. ಬೇರೆ ಮೇವಿಲ್ಲದೆ ಹಸು ಅದನ್ನು ತಿಂದರೆ ಹಾಲಿಗೂ ಕಹಿ ಇಳಿಯುತ್ತದೆ. ಎಳೆ ಜೋಳದಲ್ಲಿ ಇರುವ ಧುರಿನ್ ಎಂಬ ವಸ್ತು ಹಸು ಅಗಿದ ಕೂಡಲೇ ಒಡೆದು ಸಯನೈಡ್ ವಿಷ ಬಿಡುತ್ತದೆ.

ಇವೆಲ್ಲ ಎಲ್ಲ ಕಾಲಕ್ಕೂ ಕೆಟ್ಟವಲ್ಲ. ಟ್ಯಾನಿನ್ ಹಿತಮಿತವಾಗಿದ್ದರೆ ಹೊಟ್ಟೆ ಉಬ್ಬರ ಕಡಿಮೆಯಾಗುತ್ತದೆ, ಕುರಿ-ಆಡುಗಳ ಹೊಟ್ಟೆ ಹುಳುವಿನ ಕಾಟವೂ ತಗ್ಗುತ್ತದೆ. ಅದೇ ಅತಿಯಾದರೆ ನೀವು ದುಡ್ಡು ಕೊಟ್ಟು ತಂದ ಹಿಂಡಿಯ ಪ್ರೋಟೀನನ್ನು ಕಟ್ಟಿಹಾಕಿ ಸಗಣಿಯಲ್ಲಿ ಕಳಿಸುತ್ತದೆ. ಎಷ್ಟು ತಿಂದರು ಎನ್ನುವುದರ ಮೇಲೆ ಮದ್ದು, ಎಷ್ಟು ತಿಂದರು ಎನ್ನುವುದರ ಮೇಲೆಯೇ ವಿಷ.

ಹಸು ಕಲಿಯುವ ಬಗೆ

ಹಸುವಿನ ನಾಲಿಗೆಯಲ್ಲಿ ರುಚಿ ತಿಳಿಯುವ ಮೊಗ್ಗುಗಳು ಸುಮಾರು 20,000 ಇವೆ, ನಮಗಿಂತ ಎರಡು ಪಟ್ಟು. ಆದರೆ ಬರೀ ನಾಲಿಗೆ ಸಾಲದು. ಯಾವ ರುಚಿ ಹಿತ, ಯಾವುದು ಅಹಿತ ಎಂದು ಅದು ತಿಂದು ಕಲಿಯುತ್ತದೆ.

ಜಾತ್ರೆಯಲ್ಲಿ ಹಳಸಿದ ಬೋಂಡ ತಿಂದು ರಾತ್ರಿಯೆಲ್ಲ ವಾಂತಿ ಮಾಡಿಕೊಂಡವರಿಗೆ ಮುಂದಿನ ವರ್ಷದ ಜಾತ್ರೆಯಲ್ಲೂ ಬೋಂಡದ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ. ಹಸುವಿನದೂ ಅದೇ ಕಥೆ. ಹೊಸ ಸೊಪ್ಪನ್ನು ಮೂಸುತ್ತದೆ, ಒಂದೆರಡು ಬಾಯಿ ತಿನ್ನುತ್ತದೆ, ಬಿಡುತ್ತದೆ. ಕೆಲವು ಗಂಟೆಗಳಲ್ಲಿ ಹೊಟ್ಟೆ ಹಗುರವಾಗಿದ್ದರೆ ನಾಳೆ ಇನ್ನಷ್ಟು ತಿನ್ನುತ್ತದೆ. ಸಂಕಟವಾದರೆ ಆ ವಾಸನೆಯನ್ನು ನೆನಪಿಟ್ಟುಕೊಂಡು ದೂರ ಇಡುತ್ತದೆ.

ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಪ್ರೊವೆಂಜಾ ಎಂಬ ವಿಜ್ಞಾನಿ ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅಲ್ಲಿನ ಕುರುಚಲು ಕಾಡಿನಲ್ಲಿ ಆಡುಗಳು ಒಂದು ಪೊದೆಯ ಎಳೆ ಕುಡಿಯನ್ನು ಬಿಟ್ಟು ಒಣಕಲು ಹಳೆ ಕಡ್ಡಿಯನ್ನೇ ತಿನ್ನುತ್ತಿದ್ದವು. ಕುಡಿಯಲ್ಲೇ ಸತ್ವ ಹೆಚ್ಚು, ಆಡಿಗೆ ಬುದ್ಧಿ ಇಲ್ಲವೇ ಎನಿಸುತ್ತದೆ. ಪರೀಕ್ಷೆ ಮಾಡಿದಾಗ ಕುಡಿಯಲ್ಲಿ ಟ್ಯಾನಿನ್ ಹೆಚ್ಚಿತ್ತು. ಮೊದಲು ಕುಡಿ ತಿಂದು, ಸಂಕಟಪಟ್ಟು, ಆಮೇಲೆ ಬಿಟ್ಟಿದ್ದವು. ತಾಯಿಯ ಪಕ್ಕದಲ್ಲಿ ಮೇಯುವ ಮರಿ ಈ ಪಾಠವನ್ನು ತಾಯಿಯಿಂದಲೇ ಕಲಿಯುತ್ತದೆ, ಪ್ರತಿಯೊಂದನ್ನೂ ತಾನೇ ತಿಂದು ನೋಡಬೇಕಾಗಿಲ್ಲ ಎನ್ನುವುದನ್ನೂ ಅವರ ತಂಡ ತೋರಿಸಿಕೊಟ್ಟಿತು. ಜಗಲಿ ಮೇಲೆ ಕುಳಿತ ಆ ಅಜ್ಜಿ ಹೇಳಿದ್ದು ಇದನ್ನೇ.

ಈ ಬುದ್ಧಿ ಕೈಕೊಡುವುದು ಎಲ್ಲಿ?

ಮೊದಲನೆಯದು ಹಸಿವು. ಹೊಟ್ಟೆ ತುಂಬಿದ ಹಸು ಆರಿಸಿ ತಿನ್ನುತ್ತದೆ, ಹಸಿದ ಹಸು ಬಾಚಿ ತಿನ್ನುತ್ತದೆ. ಮೂಸಿ, ಒಂದೆರಡು ಬಾಯಿ ತಿಂದು, ಕಾದು ನೋಡುವ ತಾಳ್ಮೆ ಹಸಿವಿನಲ್ಲಿ ಇರುವುದಿಲ್ಲ. ನಾನು ನೋಡಿದ ಲಂಟಾನದ ಪ್ರಕರಣಗಳು ಹೆಚ್ಚಾಗಿ ಬೇಸಿಗೆಯಲ್ಲಿ, ಹುಲ್ಲಿನ ಬಣವೆ ಕರಗಿದ ಮೇಲೆ ಬಂದಿವೆ.

ಎರಡನೆಯದು ಹೊಸ ಊರು. ಹೊರಗಿನಿಂದ ತಂದ ಸೀಮೆಹಸು ಹುಟ್ಟಿದಾಗಿನಿಂದ ಕೊಟ್ಟಿಗೆಯಲ್ಲೇ ಬೆಳೆದಿರುತ್ತದೆ. ಅದು ಕಂಡಿರುವುದು ನೇಪಿಯರ್, ಜೋಳ, ಬೂಸ, ಹಿಂಡಿ. ನಮ್ಮ ಬೀಳಿನ ಒಂದು ಗಿಡವೂ ಅದಕ್ಕೆ ಪರಿಚಯವಿಲ್ಲ, ಹೇಳಿಕೊಡಲು ತಾಯಿಯೂ ಜೊತೆಯಲ್ಲಿ ಇಲ್ಲ.

ಮೂರನೆಯದು ಹಗ್ಗ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಬೇಲಿ ಹಾಕಿದ ಹುಲ್ಲುಗಾವಲುಗಳಲ್ಲಿ ಕುಡು ಎಂಬ ದೊಡ್ಡ ಜಿಂಕೆಯಂಥ ಪ್ರಾಣಿಗಳು ಬರಗಾಲದಲ್ಲಿ ಗುಂಪು ಗುಂಪಾಗಿ ಸತ್ತವು. ಹೊಟ್ಟೆ ತುಂಬ ಜಾಲಿ ಜಾತಿಯ ಮರದ ಸೊಪ್ಪಿತ್ತು, ಆದರೆ ಜೀರ್ಣವಾಗಿರಲಿಲ್ಲ. ಸೊಪ್ಪಿನಲ್ಲಿ ಟ್ಯಾನಿನ್ ಏರಿತ್ತು. ಇದನ್ನು ಪತ್ತೆ ಮಾಡಿದವರು ಪ್ರಿಟೋರಿಯಾ ವಿಶ್ವವಿದ್ಯಾಲಯದ ವೌಟರ್ ವಾನ್ ಹೋವೆನ್. ಬೇಲಿ ಇಲ್ಲದಿದ್ದರೆ ಅವು ಆ ಮರ ಬಿಟ್ಟು ಮುಂದಕ್ಕೆ ಹೋಗುತ್ತಿದ್ದವು. ನಮ್ಮಲ್ಲಿ ಬೇಲಿಯ ಕೆಲಸವನ್ನು ಹಗ್ಗ ಮಾಡುತ್ತದೆ. ಬೆಳಿಗ್ಗೆ ಬದುವಿನಲ್ಲಿ ಗೂಟ ಹೊಡೆದು ಹಸು ಕಟ್ಟಿ ಕೂಲಿಗೆ ಹೋಗುತ್ತೀರಿ. ಹತ್ತು ಗಂಟೆಗೆ ಹಗ್ಗದಳತೆಯ ಹುಲ್ಲು ಮುಗಿಯುತ್ತದೆ. ಸಂಜೆವರೆಗೆ ಬಾಯಿಗೆ ಸಿಗುವುದು ಬೇಲಿಯ ಲಂಟಾನ ಒಂದೇ. ಅಲ್ಲಿ ಹಸು ತಿಂದದ್ದು ತನ್ನ ಆಯ್ಕೆಯಲ್ಲ.

ನಾಲ್ಕನೆಯದು, ಕಲಿಯಲು ಬಿಡುವು ಕೊಡದ ವಿಷಗಳು. ಎಳೆ ಜೋಳ ಹಸುವಿಗೆ ಇಷ್ಟ, ಬಾಯಿಗೆ ಕೆಟ್ಟದೆನಿಸುವುದಿಲ್ಲ. ಸಯನೈಡ್ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಏದುಸಿರು, ನಡುಕ, ಬೀಳುವುದು ಎಲ್ಲ ಒಂದರ ಹಿಂದೆ ಒಂದು. ಮಳೆ ಕೈಕೊಟ್ಟು ಬಾಡಿ ನಿಂತ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ, ಮೊಣಕಾಲುದ್ದದ ಪೈರು ಇವು ಅಪಾಯ. ಲಂಟಾನದ್ದು ತದ್ವಿರುದ್ಧ. ಅದರ ಸಂಕಟ ಕಾಣಿಸಿಕೊಳ್ಳಲು ಒಂದೆರಡು ದಿನವೇ ಬೇಕು, ಅಷ್ಟರಲ್ಲಿ ಹಸು ಸಾಕಷ್ಟು ತಿಂದಿರುತ್ತದೆ. ಮೇಲಾಗಿ ಹೊಟ್ಟೆಯ ಚಲನೆ ನಿಂತು, ತಿಂದ ಸೊಪ್ಪು ಅಲ್ಲೇ ಕುಳಿತು ದಿನವೂ ವಿಷ ಬಿಡುತ್ತಿರುತ್ತದೆ. ನಾವು ಇದ್ದಿಲಿನ ಪುಡಿಯಂಥ ಔಷಧ ಕುಡಿಸುವುದು ಹೊಟ್ಟೆಯಲ್ಲಿ ಉಳಿದ ವಿಷವನ್ನು ಹೀರಿಕೊಳ್ಳಲಿ ಎಂದೇ.

ಐದನೆಯದು ಮೇವು ಕತ್ತರಿಸುವ ಯಂತ್ರ. ಯಂತ್ರ ಒಳ್ಳೆಯದು, ಮೇವು ಉಳಿಸುತ್ತದೆ. ಆದರೆ ಬದುವಿನ ಹುಲ್ಲಿನ ಜೊತೆ ಕುಡುಗೋಲಿಗೆ ಸಿಕ್ಕ ಹರಳೆಲೆ, ಉಮ್ಮತ್ತಿ, ಲಂಟಾನದ ಕುಡಿ ಎಲ್ಲವೂ ಅರ್ಧ ಇಂಚಿನ ತುಂಡಾಗಿ ಬೆರೆತುಹೋದ ಮೇಲೆ ಹಸು ಯಾವುದನ್ನು ಆರಿಸೀತು? ಆರಿಸುವ ಕೆಲಸ ಯಂತ್ರಕ್ಕೆ ಹಾಕುವ ಮೊದಲೇ ನಿಮ್ಮ ಕೈಯಲ್ಲಿ ಆಗಬೇಕು.

ಬಿಟ್ಟದ್ದೆಲ್ಲ ಸೊಕ್ಕಲ್ಲ

ಇನ್ನು ಎರಡನೆಯ ಮಾತು. ಗೋದಲಿಯಲ್ಲಿ ಹಸು ಬಿಟ್ಟ ಸೊಪ್ಪನ್ನು ಸೊಕ್ಕು ಎನ್ನುವ ಮೊದಲು ಅದನ್ನು ಕೈಗೆತ್ತಿಕೊಂಡು ನೋಡಿ, ಮೂಸಿ. ಎಷ್ಟೋ ಸಲ ಹಸು ಹೇಳುತ್ತಿರುವುದು "ಬೇಡ" ಎಂದಲ್ಲ, "ಇಷ್ಟೊಂದು ಬೇಡ" ಅಥವಾ "ಇನ್ನೂ ಬೇಡ" ಎಂದು.

ಸುಬಾಬುಲ್ ಇದಕ್ಕೆ ಒಳ್ಳೆಯ ಉದಾಹರಣೆ. ಆಸ್ಟ್ರೇಲಿಯಾದಲ್ಲಿ ಅದನ್ನು ತಿಂದ ದನಗಳ ಕೂದಲು ಉದುರಿ, ಗಂಟಲು ಊದಿ, ಸೊರಗುತ್ತಿದ್ದವು. ಹವಾಯಿ ದ್ವೀಪದ ಆಡುಗಳು ಅದೇ ಸೊಪ್ಪು ತಿಂದು ಚೆನ್ನಾಗಿದ್ದವು. ಅವುಗಳ ಹೊಟ್ಟೆಯಲ್ಲಿ ಆ ವಿಷವನ್ನು ಮುರಿಯುವ ಸೂಕ್ಷ್ಮಜೀವಿ ಇತ್ತು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಅದನ್ನು ತಂದು ಆಸ್ಟ್ರೇಲಿಯಾದ ದನಗಳಿಗೆ ಕುಡಿಸಿದರು, ತೊಂದರೆ ನಿಂತಿತು. 1992ರಲ್ಲಿ ಆ ಜೀವಿಗೆ ಅವರ ಹೆಸರನ್ನೇ ಸೇರಿಸಿ ಇಟ್ಟರು. ಇದರಿಂದ ನಾವು ತಿಳಿಯಬೇಕಾದದ್ದು: ಹೊಸ ಸೊಪ್ಪನ್ನು ಹಸುವಿನ ನಾಲಿಗೆ ಒಪ್ಪಿದರೆ ಸಾಲದು, ಹೊಟ್ಟೆಯ ಸೂಕ್ಷ್ಮಜೀವಿಗಳೂ ಒಗ್ಗಬೇಕು. ಅದಕ್ಕೆ ಸಮಯ ಬೇಕು. ಉಪವಾಸ ಕೆಡವಿ ಒಂದೇ ದಿನಕ್ಕೆ ತಿನ್ನಿಸಿದರೆ ಆ ಸಮಯವನ್ನು ನಾವು ಕಿತ್ತುಕೊಂಡಂತೆ.

ಇನ್ನೊಂದು ಮಾತು. ಆಡು ತಿಂತಲ್ಲ ಎಂದು ಹಸುವಿಗೆ ಹಾಕಬೇಡಿ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆಯೇ ಇದೆ. ಆಡು ಒಗರನ್ನೂ ಕಹಿಯನ್ನೂ ಹಸುವಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ, ಜೊತೆಗೆ ಹತ್ತು ಗಿಡದಲ್ಲಿ ಒಂದೊಂದು ಬಾಯಿ ಕಚ್ಚಿಕೊಂಡು ಓಡಾಡುತ್ತದೆ. ಒಂದೇ ಸೊಪ್ಪನ್ನು ಹೊರೆಗಟ್ಟಲೆ ತಿನ್ನುವುದಿಲ್ಲ.

"ಬೇಸಿಗೆಯಲ್ಲಿ ಹುಲ್ಲೆಲ್ಲಿದೆ ಮೇಡಂ?"

ಇಷ್ಟು ಹೇಳಿದರೆ ನೀವು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಹೊಟ್ಟೆ ತುಂಬಿಸಿ ಹೊಡೆಯಿರಿ ಎಂದು ಹೇಳುವುದು ಸುಲಭ, ಏಪ್ರಿಲ್‌ನಲ್ಲಿ ಹುಲ್ಲು ಹೊಂದಿಸುವವರು ನೀವು. ಅದಕ್ಕೇ ಆಗುವಷ್ಟನ್ನು ಮಾತ್ರ ಹೇಳುತ್ತೇನೆ.

- ಮೇಯಲು ಬಿಡುವ ಮೊದಲು ಒಂದೆರಡು ಕೆ.ಜಿ. ರಾಗಿ ಹುಲ್ಲು ಮತ್ತು ನೀರು ಕೊಡಿ. ಪೂರ್ತಿ ಹೊಟ್ಟೆ ತುಂಬಬೇಕಿಲ್ಲ, ಹಸಿವಿನ ಆತುರ ತಗ್ಗಿದರೆ ಸಾಕು. ರಾಗಿ ಒಕ್ಕಣೆಯಾದಾಗಲೇ ಇದಕ್ಕೆಂದು ಸ್ವಲ್ಪ ಹುಲ್ಲನ್ನು ಬೇರೆ ಎತ್ತಿಡಿ.
- ಹೊರಗಿನಿಂದ ತಂದ ಹಸುವನ್ನು ಮೂರು ವಾರ ಬೀಳಿಗೆ ಬಿಡಬೇಡಿ. ಬಿಟ್ಟಾಗಲೂ ಊರಿನ ಹಳೆಯ ಹಸುವಿನ ಜೊತೆ, ನೀವು ಕಣ್ಣಿಟ್ಟು, ಮೊದಲು ಸ್ವಲ್ಪ ಹೊತ್ತು ಮಾತ್ರ.
- ಗೂಟ ಹೊಡೆಯುವ ಮುನ್ನ ಹಗ್ಗದಳತೆಯಲ್ಲಿ ಏನೇನಿದೆ ಎಂದು ಒಂದು ಸುತ್ತು ನೋಡಿ. ಮಧ್ಯಾಹ್ನ ಒಮ್ಮೆ ಜಾಗ ಬದಲಿಸಲು ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ.
- ಹೂ ಬಿಡುವ ಮೊದಲು ಜೋಳವನ್ನು ಹಸಿಯಾಗಿ ಹಾಕಬೇಡಿ. ಕೊಯ್ದ ಹೊಲದ ಕೂಳೆಗೆ ದನ ನುಗ್ಗದಂತೆ ನೋಡಿಕೊಳ್ಳಿ.
- ಹೊಸ ಸೊಪ್ಪನ್ನು ಒಂದು ಹಿಡಿಯಿಂದ ಶುರು ಮಾಡಿ ಹತ್ತು ದಿನದಲ್ಲಿ ಏರಿಸಿ. ಸುಬಾಬುಲ್ ಹಸಿ ಮೇವಿನ ಮೂರನೇ ಒಂದು ಪಾಲು ಮೀರದಿರಲಿ.
- ಜೋಳ ತಿಂದು ಏದುಸಿರು ಬಿಡುವ ಹಸುವಿನ ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಡಲೇ ಕರೆ ಮಾಡಿ, ಇದಕ್ಕೆ ಇಂಜೆಕ್ಷನ್ ಇದೆ. ಲಂಟಾನ ತಿಂದ ಅನುಮಾನವಿದ್ದರೆ ನೆರಳಿಗೆ ಕಟ್ಟಿ, ಕಣ್ಣು ಹಳದಿಯಾಗುವ ತನಕ ಕಾಯದೆ ಅಂದೇ ತಿಳಿಸಿ.

ನಮ್ಮ ಕಡೆಯಿಂದ ಆಗಬೇಕಾದ್ದು

ಬುದ್ಧಿ ಹೇಳಬೇಕಾದ್ದು ನಿಮಗೆ ಮಾತ್ರವಲ್ಲ. ತರಬೇತಿಗಳಲ್ಲಿ ನನ್ನಂಥವರು ಹಸಿ ಮೇವು ಇಷ್ಟು ಕೆ.ಜಿ., ಒಣ ಮೇವು ಇಷ್ಟು ಕೆ.ಜಿ. ಎಂದು ಪಟ್ಟಿ ಹೇಳಿ ಎದ್ದು ಹೋಗುತ್ತೇವೆ. ನಿಮ್ಮ ಹಸು ಏನು ಬಿಟ್ಟಿತು ಎಂದು ಕೇಳುವುದು ಕಡಿಮೆ. ಆ ಪ್ರಶ್ನೆಗೆ ಉತ್ತರ ಇರುವುದು ದಿನವೂ ಗೋದಲಿ ಗುಡಿಸುವ ನಿಮ್ಮ ಹತ್ತಿರ, ನಲವತ್ತು ವರ್ಷ ದನ ಮೇಯಿಸಿದ ನಿಮ್ಮ ಅತ್ತೆಯರ ಹತ್ತಿರ. ಮಹಿಳಾ ಸಂಘಗಳ ಮೇವಿನ ತರಬೇತಿಯಲ್ಲಿ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಮಾತನಾಡಿಸಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಇನ್ನೊಂದು. ಹಸು ಕೊಳ್ಳಲು ಸಾಲ ಕೊಡುವಾಗ ಹಸುವಿನ ಬೆಲೆ, ಸಾಗಾಟದ ಖರ್ಚು ಲೆಕ್ಕಕ್ಕೆ ಬರುತ್ತವೆ. ಮೂರು ವಾರದ ಒಣ ಮೇವೂ ಆ ಲೆಕ್ಕದಲ್ಲಿ ಸೇರಬೇಕು, ಜೊತೆಗೆ ವಿಮೆಯೂ. ದಿನಕ್ಕೆ 6 ಕೆ.ಜಿ.ಯಂತೆ 21 ದಿನಕ್ಕೆ 126 ಕೆ.ಜಿ. ಹುಲ್ಲು. ಹಸುವಿನ ಬೆಲೆಯ ಮುಂದೆ ಅದು ಎಷ್ಟರದ್ದು? ಆ ಅಕ್ಕನ ಮನೆಯಲ್ಲಿ ಅಂದು ಅಷ್ಟು ಹುಲ್ಲು ಇದ್ದಿದ್ದರೆ ಅವರು ನನ್ನನ್ನು ಆ ಪ್ರಶ್ನೆ ಕೇಳಬೇಕಾಗಿಯೇ ಇರಲಿಲ್ಲ.

ಅವರು ಹಳೆಯ ಸಾಲ ತೀರಿಸಿ ಕಳೆದ ವರ್ಷ ಮತ್ತೊಂದು ಹಸು ತಂದಿದ್ದಾರೆ. ಮೊದಲ ತಿಂಗಳು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸಿದರು. ಈಗ ಅದು ನಾಟಿ ಹಸುವಿನ ಹಿಂದೆಯೇ ಬೀಳಿಗೆ ಹೋಗಿ ಬರುತ್ತದೆ.

ಕೊನೆಗೆ ಒಂದು ಕೋರಿಕೆ. ಮುಂದಿನ ತಿಂಗಳ ಸಂಘದ ಸಭೆಗೆ ಬರುವಾಗ, ನಿಮ್ಮ ಹಸು ಮೂಸಿ ಬಿಟ್ಟ ಸೊಪ್ಪಿನದು ಒಂದೊಂದು ರೆಂಬೆ ತನ್ನಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಬರುವಾಗ ನಿಮ್ಮ ಅತ್ತೆಯನ್ನೋ ಅಮ್ಮನನ್ನೋ ಕರೆದುಕೊಂಡು ಬನ್ನಿ. ನಾನೂ ಬರುತ್ತೇನೆ, ಈ ಸಲ ಗಾಡಿಯಿಂದ ಇಳಿದು, ಕುಳಿತು ಕೇಳಿಸಿಕೊಳ್ಳುತ್ತೇನೆ.

— ಪಶುವೈದ್ಯಾಧಿಕಾರಿ, ಊರ್ಡಿಗೆರೆ